ರಾಜನಿಗೊಂದು ಸವಾರಿ ಕೋಟು

ಸೆಪ್ಟೆಂಬರ್ 21, ಶನಿವಾರ. ಬೆಳಿಗ್ಗೆ

ಪಂಕಜಾ, ಹೇಗಿದ್ದೀಯಮ್ಮ? ನಿನ್ನ ಮೊಣಕಾಲು? ಹೆಂಚು ಬಿದ್ದ ಭುಜವನ್ನು ಪವಮಾನ ಈಗ ಮೇಲೆತ್ತುತ್ತಾನಾ? ಲಹರಿಗೆ ನಿದ್ದೆ ಹತ್ತುತ್ತಿದೆಯಾ? ಇಲ್ಲಿ ನಿನ್ನ ಅತ್ತಿಗೆ ಭಾನುಮತಿಯ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಇಲ್ಲ. ವಾಗೀಶ ಬ್ಯಾಂಕಿಗೆ ಹೋಗಿ ಬಂದು ಮಾಡಿಕೊಂಡಿದ್ದಾನೆ, ಬೆನ್ನುನೋವು ಅಂತಾನೆ. ಅವನ ವಯಸ್ಸಿನಲ್ಲಿ ನಾನು ಮೆಷಿನ್ ಮುಂದೆ ಬೆಳಗಿಂದ ಸಂಜೆವರೆಗೆ ಬಗ್ಗಿ ಕೂರುತ್ತಿದ್ದೆ...

ಇಷ್ಟಕ್ಕೆ ನಿಲ್ಲಿಸಿದೆ. ಕಾಗದಕ್ಕೆ ಇಳಿಸುವ ಮೊದಲು ಡೈರಿಯಲ್ಲಿ ಬರೆದು ನೋಡುವುದು ಅಭ್ಯಾಸ. ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕಿಕೊಂಡ ಹಾಗೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮಿಕ್ಕ ಅಕ್ಷರವೆಲ್ಲ ಅಂಗಡಿ ಬೋರ್ಡುಗಳಲ್ಲಿ, ಬಟ್ಟೆ ಸುತ್ತಿ ಬಂದ ಪೇಪರಿನಲ್ಲಿ ಕಲಿತದ್ದು. ಗುರುತಿಲ್ಲದೆ ಕತ್ತರಿ ಹಾಕಲು ಇವತ್ತಿಗೂ ಧೈರ್ಯ ಇಲ್ಲ.

ಹೋದ ಶನಿವಾರ ಸಂಜೆ ಪಂಕಜಾಳ ಊರು ಅಳಿವೆಬೈಲಿನಲ್ಲಿ ಭೂಮಿ ನಡುಗಿತು. ಸಮುದ್ರದಂಚಿನ ಊರು, ಮರಳು ನೆಲ. ಇಲ್ಲಿ ವಿದ್ಯಾರಣ್ಯಪುರಂನಲ್ಲಿ ಕಾಫಿ ಫಿಲ್ಟರಿನ ಮುಚ್ಚಳ ಟಕಟಕ ಅಂದದ್ದು ಬಿಟ್ಟರೆ ಏನೂ ಇಲ್ಲ. ಲಾರಿ ಹೋಯಿತು ಅಂದುಕೊಂಡೆವು. ಅಲ್ಲಿ ಅವಳ ಮನೆಯ ನಡುಮನೆ ಗೋಡೆ ಮೇಲಿಂದ ಕೆಳಗೆ ಸೀಳಿದೆ. ಇಂಜಿನಿಯರ್ ಬಂದು ಬಾಗಿಲಿಗೆ ಕೆಂಪು ಬಣ್ಣದಲ್ಲಿ ಗುಣಾಕಾರದ ಗುರುತು ಹಾಕಿ ಹೋದನಂತೆ — ಮತ್ತೆ ಪರೀಕ್ಷೆ ಮಾಡುವವರೆಗೆ ಒಳಗೆ ಮಲಗಕೂಡದು. ಮಗ ಪವಮಾನ, ಸೊಸೆ ಲಹರಿ, ಅವಳು ಮೂವರೂ ದೇವಸ್ಥಾನದ ಸಭಾಭವನದಲ್ಲಿದ್ದಾರೆ. ಬೀದಿಯ ಅರ್ಧ ಮನೆಗಳವರು ಅಲ್ಲೇ.

ಒಬ್ಬಳೇ ತಂಗಿ.

ಸೆಪ್ಟೆಂಬರ್ 25

ರಾಣಿಯ ಸೀರೆ ಆಯಿತು. ಗಿಳಿಹಸಿರು ರೇಷ್ಮೆ, ಕೆಂಪು ಜರಿಯಂಚು. ಯಾವುದೋ ಮದುವೆ ಹೆಣ್ಣಿನ ರವಿಕೆಯಲ್ಲಿ ಉಳಿದ ಬಟ್ಟೆ. ಮಹದೇವು ಕೊಟ್ಟ. ನನ್ನ ಹತ್ತಿರ ಕೆಲಸ ಕಲಿತವನು, ದೇವರಾಜ ಮೊಹಲ್ಲಾದ ನನ್ನ ಅಂಗಡಿ ಈಗ ಅವನದು. ಹೋದರೆ ಎದ್ದು ಸ್ಟೂಲು ಕೊಡುತ್ತಾನೆ, ಹೊಲಿಯಲು ಮಾತ್ರ ಏನೂ ಕೊಡುವುದಿಲ್ಲ. ಕಣ್ಣಿಗೆ ರೆಸ್ಟು ಕೊಡಿ ಮಾಸ್ಟ್ರೇ ಅಂತಾನೆ. ವರ್ಷಕ್ಕೆ ಈ ಒಂದು ಕೆಲಸ ಉಳಿದಿದೆ: ದಸರೆಗೆ ಪಟ್ಟದ ಗೊಂಬೆಗಳ ಬಟ್ಟೆ.

ಅಪ್ಪ ಅರಮನೆಯ ಹೊಲಿಗೆ ಕೆಲಸದವರು. ಒಂದೇ ಮರದಿಂದ ನಾಲ್ಕು ಗೊಂಬೆ ಮಾಡಿಸಿದ್ದರು. ಒಂದು ರಾಜ-ರಾಣಿ ಜೋಡಿ ಈ ಮನೆಗೆ, ಇನ್ನೊಂದು ಪಂಕಜಾಳ ಮದುವೆಯಲ್ಲಿ ಅವಳಿಗೆ. ನಾಲ್ಕಕ್ಕೂ ಒಂದೇ ಅಳತೆ. ಬಟ್ಟೆ ಎರಡು ಮಡಿಕೆ ಮಾಡಿ ಒಂದೇ ಸಲ ಕತ್ತರಿಸಿದರೆ ಎರಡು ಮನೆಗೂ ಆಯಿತು. ಅಪ್ಪ ಹೋದಮೇಲೆ ನಾನು ಮಾಡುತ್ತಾ ಬಂದಿದ್ದೇನೆ. ಮಹಾಲಯ ಅಮಾವಾಸ್ಯೆಗೆ ಮೊದಲು ತವರಿನ ಗಂಟು ಅವಳ ಮನೆ ತಲುಪಬೇಕು.

ಸೂಜಿಗೆ ದಾರ ಪೋಣಿಸುವುದು ಈಗ ಭಾನುವಿನ ಕೆಲಸ. ರಾಜನ ಪೇಟ ನಾಳೆ.

ಸೆಪ್ಟೆಂಬರ್ 27

ಗಂಟು ಪೋಸ್ಟಿಗೆ ಹಾಕಿದೆ. ಕಾಗದವನ್ನೂ ಒಳಗಿಟ್ಟೆ. ಬರುವಾಗ ಅಗ್ರಹಾರದಲ್ಲಿ ವೀಳ್ಯದೆಲೆ, ಒಂದು ಮೊಳ ಮಲ್ಲಿಗೆ. ಭಾನು ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿಕೊಂಡು ಕೂತಿದ್ದಾಳೆ. ಶೆಟ್ಟಿ ಗೊಂಬೆಯ ಮೂಗು ಈ ವರ್ಷವೂ ಅಂಟಿಸಬೇಕು.

ಅಕ್ಟೋಬರ್ 1

ಪಂಕಜಾಳ ಫೋನು. ಗಂಟು ಬಂತು ಕಣಣ್ಣ ಅಂದಳು, ಬಣ್ಣ ಚೆನ್ನಾಗಿದೆ ಅಂದಳು. ಇನ್ನೇನೋ ಹೇಳಲು ಹೊರಟು ನಿಲ್ಲಿಸಿದಳು. ಹಿಂದೆ ಸಭಾಭವನದ ಗದ್ದಲ, ಯಾರೋ ಪಾತ್ರೆ ಎಳೆಯುವ ಸದ್ದು. ಅವಳಿಗೆ ನನ್ನ ಮಾತು ಕೇಳಿಸುತ್ತಿಲ್ಲವೇನೋ ಅಂದುಕೊಂಡು ಫೋನು ಇಟ್ಟುಬಿಟ್ಟೆ.

ಅಕ್ಟೋಬರ್ 3, ಪಾಡ್ಯ. ಸಂಜೆ

ನಮ್ಮ ಗೊಂಬೆ ಕೂತವು. ಕಳಶ ಇಟ್ಟಾಯಿತು. ಕಡಲೆಕಾಳಿನ ಉಸಲಿ. ಪಕ್ಕದ ಬೀದಿಯ ಹುಡುಗಿಯರು ಬಂದು ಹಾಡಿ, ಉಸಲಿ ತಿಂದು, ರಾಣಿ ಸೀರೆ ಮುಟ್ಟಿ ನೋಡಿ ಹೋದರು.

ಅವರು ಹೋದ ಬೆನ್ನಿಗೆ ಲಹರಿಯ ಫೋನು. ಕರಾವಳಿ ಹುಡುಗಿ, ಸುಮ್ಮಸುಮ್ಮನೆ ಹೆದರುವವಳಲ್ಲ. ಮೆಲ್ಲಗೆ ಮಾತಾಡಿದಳು. "ಮಾವ, ಅತ್ತೆ ಹೇಳಿದ್ರೆ ಕೇಳುದೇ ಇಲ್ಲ. ಮನೆಯೊಳಗೇ ಗೊಂಬೆ ಕೂರ್ಸಿದ್ದಾರೆ. ನಡುಮನೆಯಲ್ಲೇ. ರಾತ್ರಿ ಅಲ್ಲೇ ಮಲಗುದಂತೆ, ಹಬ್ಬ ಮುಗಿಯುವರೆಗೆ."

ಆ ಸೀಳಿದ ಗೋಡೆಯ ಕೆಳಗೆ.

ಯಾಕಂತೆ ಅಂತ ಕೇಳಿದೆ. ಲಹರಿ ಹೇಳಿದಳು — ಈ ವರ್ಷ ಕೂರಿಸುವುದು ಬೇಡ ಅಂತಲೇ ಅತ್ತೆ ಇದ್ದರಂತೆ. ಮೈಸೂರಿಂದ ಬಟ್ಟೆ ಬಂತು. ತವರಿನವರು ಉಡಿಸಿದ ಮೇಲೆ ಪೆಟ್ಟಿಗೆಯಲ್ಲಿ ಇಡುವ ಹಾಗಿಲ್ಲ ಅಂತ ಎದ್ದು ಹೋದರಂತೆ.

ನಾನು ಬಟ್ಟೆ ಮಡಿಸಿ ಕತ್ತರಿಸಿದೆ, ಅಷ್ಟೆ. ಒಂದು ಪದರ ಇಲ್ಲಿಗೆ, ಒಂದು ಅಲ್ಲಿಗೆ. ಕೆಳಗಿನ ಪದರವನ್ನು ಬೇರೆಯಾಗಿ ಯಾವ ಟೈಲರು ಯೋಚಿಸುತ್ತಾನೆ?

ಅಕ್ಟೋಬರ್ 4

ಬೆಳಿಗ್ಗೆಯೇ ಫೋನು ಮಾಡಿದೆ. ದೀಪಕ್ಕೆ ಎಣ್ಣೆ ಹಾಕುತ್ತಿದ್ದಳಂತೆ. ಬೈಯಬಾರದು ಅಂದುಕೊಂಡೇ ಶುರುಮಾಡಿದೆ. ಬೈಸಿಕೊಂಡೆ.

"ಬಟ್ಟೆ ಕಳಿಸಿದೋನೂ ನೀನೆ, ಕೂರಿಸ್ಬೇಡ ಅನ್ನೋನೂ ನೀನೆ. ಏನಣ್ಣ ಇದು?"

"ಕೂರಿಸಿದ್ದಾಯ್ತು ಬಿಡು. ನೀನ್ಯಾಕೆ ಅಲ್ಲಿ ಮಲಗ್ಬೇಕು? ಸಂಜೆ ಆರತಿ ಎತ್ತಿ ಬೀಗ ಹಾಕ್ಕೊಂಡು ಹೋಗು."

"ಗೊಂಬೆ ಕೂತಿರೋ ಮನೆಗೆ ಬೀಗ ಹಾಕೋದು ಎಲ್ಲಿ ಕಲ್ತೆ? ಅಮ್ಮ ಹಾಕಿದ್ದು ಒಂದಿನ ನೋಡಿದೀಯಾ?"

ನೋಡಿಲ್ಲ. ಅಮ್ಮನಿಗೆ ಜ್ವರ ಬಂದ ವರ್ಷವೂ ಆ ದಿನಗಳಲ್ಲಿ ಬಾಗಿಲು ತೆಗೆದೇ ಇತ್ತು. ದೀಪ ಆರದ ಹಾಗೆ ನೋಡಿಕೊಳ್ಳಲು ಅಪ್ಪ ಹಜಾರದಲ್ಲೇ ಮಲಗುತ್ತಿದ್ದರು.

ದಿನಕ್ಕೊಂದು ಸಲವಾದರೂ ಸಣ್ಣಗೆ ನಡುಗುತ್ತಂತೆ. ಟಿ.ವಿ.ಯವರು ಪಶ್ಚಾತ್ ಕಂಪನ ಅಂತಾರೆ. ಇವಳು ಮರಿನಡುಕ ಅಂತಾಳೆ, ಬೆಕ್ಕಿನ ಮರಿ ಬಂದು ಹೋದ ಹಾಗೆ. ಗೋಡೆ ಏನಾಯಿತು ಅಂದರೆ, ಗೋಡೆ ನಿಂತಿದೆ, ನಾನೂ ನಿಂತಿದೀನಿ ಅಂದಳು. ಫೋನು ಇಟ್ಟಳು.

ಅಕ್ಟೋಬರ್ 5

ಮಗ ವಾಗೀಶ ರಜಾ ಹಾಕಿ ಕಾರು ತೆಗೆದುಕೊಂಡು ಹೋಗುತ್ತೇನೆ ಅಂದ. ಅತ್ತೆಗೆ ಫೋನು ಮಾಡಿ ಹೇಳಿಯೂ ಬಿಟ್ಟ. ಬಾಪ್ಪ, ಕಾಫಿ ಕೊಟ್ಟು ಕಳಿಸ್ತೀನಿ ಅಂದಳಂತೆ. ಪವಮಾನ ಪ್ರತಿರಾತ್ರಿ ಹೊರಗೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನಂತೆ. ಅವನ ಭುಜ ಇನ್ನೂ ವಾಸಿಯಾಗಿಲ್ಲ.

ಊಟ ಸೇರಲಿಲ್ಲ. ಭಾನು ತಟ್ಟೆ ನೋಡಿದಳು. ಮಜ್ಜಿಗೆ ತಂದಿಟ್ಟಳು.

ಗೊಂಬೆಗಳ ಮುಂದೆ ಕೂತಿದ್ದೆ. ಕೂರಿಸಿದ ಮೇಲೆ ದಶಮಿಯವರೆಗೆ ಕದಲಿಸಬಾರದು, ಅದು ಗೊತ್ತು. ಆದರೂ ಭಾನುವನ್ನು ಕೇಳಿದೆ — ಏನಾದರೂ ದಾರಿ ಇದೆಯಾ, ನಿಮ್ಮ ತಾಯಿ ಮನೆ ಕಡೆ ಏನು ಪದ್ಧತಿ ಅಂತ.

ಭಾನು ಹೂ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಒಳ್ಳೆ ಮೈಸೂರಿನೋರು ಕಣ್ರೀ ನೀವು. ದಸರೇಲಿ ರಾಜ ಒಳಗೇ ಕೂತಿರ್ತಾನಾ? ಸವಾರಿ ಹೊರಡೋದು ಇನ್ಯಾಕೆ?"

ಅವಳು ತಮಾಷೆಗೆ ಅಂದಳೋ ಏನೋ.

ನಾನು ಅಪ್ಪ ಹೇಳುತ್ತಿದ್ದದ್ದನ್ನು ನೆನೆದೆ. ಮಹಾರಾಜರು ಕ್ಯಾಂಪಿಗೆ ಹೊರಡುವ ಮುಂಚೆ ಅರಮನೆಯಲ್ಲಿ ಮೊದಲು ಬದಲಾಗುತ್ತಿದ್ದದ್ದು ಉಡುಪು. ದರ್ಬಾರಿನ ಉಡುಪು ತೆಗೆದು ಸವಾರಿ ಕೋಟು ಹಾಕಿದರೆ ಸಾಕು, ಆನೆ ಕುದುರೆ ಜನ ಎಲ್ಲ ತಾವಾಗಿ ಎದ್ದು ನಿಲ್ಲುತ್ತಿದ್ದರಂತೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಪಂಕಜಾ ನನ್ನ ಮಾತು ಕೇಳುವುದಿಲ್ಲ. ಮಗನ ಮಾತು ಕೇಳುವುದಿಲ್ಲ. ಬಟ್ಟೆಯ ಮಾತು ಕೇಳಿದಳಲ್ಲ.

ಅಕ್ಟೋಬರ್ 6, ಭಾನುವಾರ

ಬೆಳಗಿಂದ ಮೆಷಿನ್. ಪಂಕಜಾಳ ಮನೆಯ ರಾಜನಿಗೆ ಕೋಟು — ಮೊಣಕಾಲಿನವರೆಗೆ, ಎತ್ತರದ ಕಾಲರ್, ಒಳಗೆ ಅಸ್ತರು. ನನ್ನ ಹಳೆಯ ಕಂದು ಉಣ್ಣೆ ಪ್ಯಾಂಟಿನ ಕಾಲು ಕತ್ತರಿಸಿದೆ. ಅಪ್ಪ ಹಾಕಿಕೊಡುತ್ತಿದ್ದ ಕಟಿಂಗ್ ಕೈಗೆ ಇನ್ನೂ ನೆನಪಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಒಂದು ತೋಳು ಉಲ್ಟಾ ಕೂರಿಸಿಬಿಟ್ಟೆ. ಬಿಚ್ಚಿ ಮತ್ತೆ ಹಾಕಿದೆ.

ರಾಣಿಗೆ ಶಾಲು, ಭಾನು ತನ್ನ ಕಾಶ್ಮೀರಿ ಶಾಲಿನ ತುದಿಯನ್ನೇ ಕೊಟ್ಟಳು. ಕೇಳಿರಲಿಲ್ಲ.

ಆಮೇಲೆ ಇಬ್ಬರನ್ನೂ ಎತ್ತಿಕೊಂಡು ಹೋಗಲು ಒಂದು ಚೀಲ. ಹಳೆ ರಜಾಯಿ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಮಧ್ಯೆ ಒಂದು ಗೋಡೆ. ಪಕ್ಕಪಕ್ಕ ಇರುತ್ತಾರೆ, ಒಬ್ಬರಿಗೊಬ್ಬರು ತಗಲುವುದಿಲ್ಲ. ಭಾನು ನೋಡಿ, ನಮ್ಮಿಬ್ಬರಿಗೂ ಒಂದು ಹೊಲೀರಿ ಅಂದಳು.

ಕೋಟಿಗೆ ಗುಂಡಿ ಇಲ್ಲ. ಅಷ್ಟು ಸಣ್ಣದು ಎಲ್ಲಿ ಸಿಗುತ್ತೆ?

ಅಕ್ಟೋಬರ್ 7

ಮಹದೇವು ಅಂಗಡಿಗೆ ಹೋದೆ. ಕೋಟು ಮೇಜಿನ ಮೇಲಿಟ್ಟೆ. ಅವನು ತಿರುಗಿಸಿ ಹೊಲಿಗೆ ನೋಡಿದ, ಕಾಲರ್ ನೋಡಿದ. "ಯಾರ್ಗೆ ಮಾಸ್ಟ್ರೇ, ಮಗೀಗಾ?" ರಾಜರಿಗೆ ಅಂದೆ. ಯಾವುದೋ ಡ್ರಾಯರಿನ ಮೂಲೆಯಿಂದ ಕಾಳಿನಷ್ಟು ಸಣ್ಣ ಹಿತ್ತಾಳೆ ಗುಂಡಿ ತೆಗೆದುಕೊಟ್ಟ. ಗುಂಡಿ ತೂರಿಸುವ ಕಾಜವನ್ನೂ ತಾನೇ ಮಾಡಿಕೊಟ್ಟ, ಕೂತು, ಬಂದ ಗಿರಾಕಿಯನ್ನು ಕಾಯಿಸಿ.

ಪೋಸ್ಟಿನಲ್ಲಿ ತಡವಾಗುತ್ತದೆ. ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಅಳಿವೆಬೈಲಿನ ಬಸ್ಸಿನ ಕಂಡಕ್ಟರ್ ಕೈಗೇ ಕೊಟ್ಟೆ. ಏನ್ ಯಜಮಾನ್ರೆ ಇದರಲ್ಲಿ ಅಂದ. ಬಟ್ಟೆ, ಸ್ಟ್ಯಾಂಡಿನಲ್ಲಿ ನಮ್ಮ ಪವಮಾನ ನಿಂತಿರುತ್ತಾನೆ ಅಂದೆ. ಸೀಟಿನ ಮೇಲೇ ಇಟ್ಟುಕೊಂಡ.

ಒಳಗೆ ಉದ್ದ ಕಾಗದ ಇಡಲಿಲ್ಲ. ಡೈರಿಯಲ್ಲಿ ಮೂರು ಸಲ ಬರೆದು ಹೊಡೆದುಹಾಕಿ ಕೊನೆಗೆ ಇಷ್ಟೇ: ಪಂಕಜಾ, ಇದು ಸವಾರಿ ಉಡುಪು. ಸವಾರಿ ಎಲ್ಲಿಗೆ ಅಂತ ನಾನು ಹೇಳುವುದಿಲ್ಲ. ಮೈಸೂರಿನ ಬಾಗಿಲೂ ತೆಗೆದಿದೆ.

ಅಕ್ಟೋಬರ್ 8

ಗಂಟು ತಲುಪಿತು ಅಂತ ಪವಮಾನನ ಮೆಸೇಜು. ಅಷ್ಟೇ. ಪಂಕಜಾಳ ಫೋನಿಲ್ಲ. ನಾನೂ ಮಾಡಲಿಲ್ಲ, ಭಾನು ಬೇಡ ಅಂದಳು. ಹೊಲಿದು ಕೊಟ್ಟ ಮೇಲೆ ಹಾಕಿಕೊಳ್ಳುವವರಿಗೆ ಟೈಮು ಕೊಡಬೇಕು ಅಂತ ನಾನೇ ಹೇಳುತ್ತಿದ್ದೆನಂತೆ.

ನಾಳೆ ಸರಸ್ವತಿ ಪೂಜೆ. ಡೈರಿ, ಪೆನ್ನು ದೇವರ ಮುಂದೆ. ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ.

ಅಕ್ಟೋಬರ್ 10. ಪೂಜೆಯಾದ ಮೇಲೆ

ಪೆನ್ನು ಕೈಗೆ ಬಂತು. ಕ್ಯಾಪಿನ ಮೇಲೆ ಅರಿಶಿನ.

ನೆನ್ನೆ ಮಧ್ಯಾಹ್ನ ಊಟ ಮುಗಿಸಿ ಟಿ.ವಿ. ಹಾಕಿದೆ. ಕೆಳಗೆ ಸಣ್ಣ ಅಕ್ಷರ ಓಡುತ್ತಿತ್ತು — ಅಳಿವೆಬೈಲಿನಲ್ಲಿ ಮತ್ತೆ ಲಘು ಕಂಪನ. ಲಘು ಅಂತಲೇ ಇತ್ತು. ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ಬರುವವರೆಗೆ ಕಾದು ಓದಿದೆ. ಇಲ್ಲಿ ಗೊಂಬೆಗಳ ಮುಂದಿನ ದೀಪದ ಕುಡಿ ಕೂಡ ಅಲುಗಿರಲಿಲ್ಲ.

ಪಂಕಜಾಳ ಫೋನು ಹೋಗಲಿಲ್ಲ. ಪವಮಾನನದು ಎಂಗೇಜ್. ಲಹರಿಯದು ಸ್ವಿಚ್ ಆಫ್. ವಾಗೀಶ ಬ್ಯಾಂಕಿನಿಂದ ಪ್ರಯತ್ನಿಸುತ್ತಿದ್ದ. ಎಂಥ ಕಷ್ಟದಲ್ಲೂ ಇಲ್ಲಿ ನಾಲ್ಕು ಸಾಲು ಗೀಚಿದರೆ ಮನಸ್ಸು ಹಿಡಿತಕ್ಕೆ ಬರುತ್ತದೆ. ಡೈರಿ ಸರಸ್ವತಿ ಪಟದ ಕೆಳಗೆ, ಮೇಲೊಂದು ಸೇವಂತಿಗೆ. ಅಳತೆ ಟೇಪು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಾ ಕೂತಿದ್ದೆ.

ಭಾನು ಬಂದು ಪಕ್ಕದಲ್ಲಿ ಕೂತಳು. "ಬರೆಯೋ ಹಾಗಿಲ್ಲ ಅಂದ್ರೆ ಬಾಯಲ್ಲಿ ಹೇಳಿ. ನಾನಿಲ್ವಾ?"

ಹೇಳಿದೆ. ಏನೇನೋ. ಪಂಕಜಾ ಚಿಕ್ಕವಳಿದ್ದಾಗ ಮೆಷಿನಿನ ಕೆಳಗೆ ಕೂತು ತುಂಡುಬಟ್ಟೆ ಆರಿಸುತ್ತಿದ್ದದ್ದು, ಅವಳ ಮದುವೆಯಲ್ಲಿ ಅಪ್ಪ ಗೊಂಬೆ ಕೊಡುವಾಗ ಅತ್ತದ್ದು. ಮಗಳನ್ನು ಕೊಡುವಾಗ ಅತ್ತಿರಲಿಲ್ಲ. ಭಾನುವಿಗೆ ಎಲ್ಲ ಗೊತ್ತಿರುವುದೇ. ಕೇಳಿದಳು.

ದೀಪ ಹಚ್ಚುವ ಹೊತ್ತಿಗೆ ಪಂಕಜಾಳೇ ಮಾಡಿದಳು. ಧ್ವನಿ ಕೇಳಿ ಟೇಪು ಕೆಳಗಿಟ್ಟೆ.

ಮೊನ್ನೆ ಗಂಟು ಬಂದ ಬೆಳಿಗ್ಗೆ ರಾಜನಿಗೆ ಕೋಟು ತೊಡಿಸಿದಳಂತೆ. "ಥೇಟು ಅಪ್ಪ ಕಣಣ್ಣ. ಅದೇ ಕುತ್ತಿಗೆ ಬಿಗಿಹಿಡ್ಕೊಂಡು." ಒಬ್ಬಳೇ ಕೂತು ನಗುತ್ತಿದ್ದಾಳೆ ಅಂತ ಲಹರಿ ಗಾಬರಿಯಿಂದ ಓಡಿಬಂದಳಂತೆ. ಮಧ್ಯಾಹ್ನದವರೆಗೆ ಪಂಕಜಾ ಏನೂ ಮಾಡಲಿಲ್ಲ. ರಾಜ ಕೋಟು ಹಾಕಿಕೊಂಡು, ರಾಣಿ ಶಾಲು ಹೊದ್ದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. "ಹೊರಟು ನಿಂತೋರನ್ನ ಎಷ್ಟೊತ್ತು ಅಂತ ಕೂರ್ಸಿಡ್ಲಿ? ನನಗೇ ಕಸಿವಿಸಿ ಆಯ್ತು."

ಅದೇ ಸಂಜೆ ಸವಾರಿ ಹೊರಟಿತು. ಚೀಲ ಪಂಕಜಾಳ ಎದೆಗೆ. ಪವಮಾನ ಒಳ್ಳೆಯ ಕೈಯಲ್ಲಿ ಮೇಲೆ ಕೊಡೆ ಹಿಡಿದ, ಮಳೆಯೂ ಇಲ್ಲ ಬಿಸಿಲೂ ಇಲ್ಲ. ಹಿಂದೆ ಲಹರಿ ಕಳಶ ಹಿಡಿದು. ಮೈಸೂರಿಗಲ್ಲ, ಸಭಾಭವನಕ್ಕೆ. ಬೀದಿಯವರು ಬಾಗಿಲಿಗೆ ಬಂದು ನಿಂತು ನೋಡಿದರಂತೆ. ಆ ಕಡೆ ಗೊಂಬೆ ಕೂರಿಸುವವರು ಕಡಿಮೆ. ಶಾಲೆಯ ಬೆಂಚು ಒಂದರ ಮೇಲೊಂದಿಟ್ಟು ಮೆಟ್ಟಿಲು ಮಾಡಿದರು. ಯಾರೋ ತಮ್ಮ ಮನೆಯಲ್ಲಿ ಒಡೆಯದೆ ಉಳಿದ ಒಂದು ಗಾಜಿನ ಬಾತುಕೋಳಿ ತಂದು ಕೆಳಗಿನ ಮೆಟ್ಟಿಲಲ್ಲಿ ಇಟ್ಟರಂತೆ.

ಗೊಂಬೆ ಇಲ್ಲದ ಮನೆಗೆ ಬೀಗ ಹಾಕಿದಳು. ಸಭಾಭವನದಲ್ಲೇ ಮಲಗಿದಳು.

ಮೈಸೂರಿಗೇ ಕರೆದುಕೊಂಡು ಬರಬಹುದಿತ್ತಲ್ಲ ಅಂದೆ. "ಭೂಮಿ ನಡುಗ್ತಿರೋವಾಗ ಪ್ರಜೆಗಳ್ನ ಬಿಟ್ಟು ತವರಿಗೆ ಹೋದ್ರು ಅನ್ನಿಸ್ಕೋಬೇಕಾ ಅವರು?" ಪ್ರಜೆಗಳು ಯಾರು ಅಂತ ನನಗೆ ಗೊತ್ತಿದೆ. ಅವಳು ಅಂಗನವಾಡಿಯಲ್ಲಿ ಅಕ್ಷರ ಕಲಿಸಿದ ಅರ್ಧ ಊರು.

ಆಮೇಲೆ, ಅಕ್ಕಿ ಬೆಲೆ ಹೇಳುವ ಹಾಗೆ, ನೆನ್ನೆಯ ನಡುಕದ ವಿಷಯ ಹೇಳಿದಳು. ಮಧ್ಯಾಹ್ನ ಅಲುಗಿತು. ಸಭಾಭವನದ ಫ್ಯಾನು ತೂಗಿತು, ಎಲ್ಲ ಅಂಗಳಕ್ಕೆ ಹೋಗಿ ನಿಂತು ವಾಪಸು ಬಂದರು. ಕರೆಂಟು ಹೋಯಿತು, ಫೋನು ಹೋಯಿತು. ಆಮೇಲೆ ಪವಮಾನ ಮನೆ ನೋಡಲು ಹೋದ. ನಡುಮನೆ ಗೋಡೆಯಿಂದ ಒಂದು ಮಂಕರಿಯಷ್ಟು ಗಾರೆ, ಎರಡು ಇಟ್ಟಿಗೆ ಬಿದ್ದಿದ್ದವು. ಖಾಲಿ ಮೆಟ್ಟಿಲ ಮೇಲೆ ಸ್ವಲ್ಪ. ಮಿಕ್ಕದ್ದು ಅವಳು ಸುತ್ತಿಡದೆ ಬಿಟ್ಟುಬಂದ ಚಾಪೆಯ ಮೇಲೆ, ತಲೆದಿಂಬಿನ ಕಡೆ.

ಫೋನಿನಲ್ಲಿ ಅಲ್ಲಿನ ಹೆಂಗಸರ ಹಾಡು ಕೇಳುತ್ತಿತ್ತು. ನಮ್ಮ ಹಾಡಲ್ಲ, ಬೇರೆ.

ಫೋನು ಇಡುವಾಗ ಹೆದರುತ್ತಲೇ ಕೇಳಿದೆ — ಹಬ್ಬ ಮುಗಿದ ಮೇಲೆ?

"ಮನೆಗೆ ಹೋಗ್ತೀನಿ. ಇನ್ನೆಲ್ಲಿಗೆ? ಗೊಂಬೆ ಪೆಟ್ಟಿಗೆ ಅಟ್ಟ ಸೇರ್ಬೇಕಲ್ಲ. ನನ್ ಮನೆಗ್ ನಾನ್ ಹೋಗೋಕೆ ಯಾವ ಕೋಟು ಬೇಕು?"

ಅಕ್ಟೋಬರ್ 11, ಆಯುಧಪೂಜೆ

ಮೆಷಿನಿಗೆ, ಕತ್ತರಿಗೆ ಕುಂಕುಮ, ಹೂವು. ಇವತ್ತು ಅವುಗಳನ್ನು ಮುಟ್ಟುವ ಹಾಗಿಲ್ಲ. ಮಹದೇವು ಅಂಗಡಿಯಲ್ಲಿ ಬೂದುಗುಂಬಳ ಒಡೆದ, ಮಂಡಕ್ಕಿ ಕಡ್ಲೆ ಕೊಟ್ಟ. ಕೋಟು ಏನಾಯಿತು ಅಂತ ಕೇಳಿದ. ರಾಜರು ಹೊರಟರು, ಆದರೆ ನಾಳೆ ರಾತ್ರಿ ಪಂಕಜಾ ಮತ್ತೆ ಆ ಗೋಡೆಯ ಕೆಳಗೆ ಹೋಗಿ ಮಲಗುತ್ತಾಳೆ ಅಂದೆ.

ಮಹದೇವು ಮಂಡಕ್ಕಿ ಅಗಿಯುತ್ತಾ, ಆ ಗಿಳಿಹಸಿರಿನಲ್ಲಿ ಇನ್ನೂ ಒಂದು ತುಂಡು ಇದೆ, ಸ್ವಲ್ಪ ದೊಡ್ಡದು, ಬೇಕಾ ಮಾಸ್ಟ್ರೇ ಅಂದ.

ಅಕ್ಟೋಬರ್ 12, ವಿಜಯದಶಮಿ. ಸಂಜೆ

ಊರೆಲ್ಲ ಜಂಬೂಸವಾರಿಗೆ ಹೋಗಿದೆ. ವಾಗೀಶನೂ ಹೋದ. ನಾವಿಬ್ಬರೂ ಟಿ.ವಿ.ಯಲ್ಲಿ ಆನೆ ನೋಡಿದೆವು, ಆಮೇಲೆ ನಾನು ಎದ್ದು ಬಂದು ಮೆಷಿನ್ ಮುಂದೆ ಕೂತೆ. ದಶಮಿಯ ದಿನದ ಮೊದಲ ಹೊಲಿಗೆ. ಇನ್ನೊಂದು ಗಂಟೆಯಲ್ಲಿ ಭಾನು ಗೊಂಬೆ ಮಲಗಿಸುತ್ತಾಳೆ. ಅಷ್ಟರೊಳಗೆ ಕಾಗದಕ್ಕೆ ಗುರುತು ಹಾಕಿಕೊಳ್ಳಬೇಕು. ನಾಳೆ ಬಸ್ಸಿಗೆ.

ಪಂಕಜಾ, ನಿನ್ನ ಮೊಣಕಾಲು ಹೇಗಿದೆ? ಪವಮಾನ ಕೊಡೆ ಹಿಡಿದ ಕೈ ನೋಯಲಿಲ್ಲ ತಾನೆ? ಲಹರಿಗೆ ಹೇಳು, ಅವಳು ಫೋನು ಮಾಡದಿದ್ದರೆ ನಾನು ಉಸಲಿ ತಿಂದುಕೊಂಡು ಸುಖವಾಗಿ ಇರುತ್ತಿದ್ದೆ ಅಂತ. ಬಾತುಕೋಳಿ ಕೊಟ್ಟವರಿಗೂ ನನ್ನ ನಮಸ್ಕಾರ.

ನಿನ್ನ ಮನೆಗೆ ನೀನು ಹೋಗಲು ಯಾವ ಕೋಟು ಬೇಕು ಅಂದೆಯಲ್ಲ. ಮೂರು ದಿನ ಅದೇ ಯೋಚನೆ. ಇಷ್ಟು ವರ್ಷ ಮರದ ಗೊಂಬೆಗೆ ತವರಿನಿಂದ ಬಟ್ಟೆ ಬಂತು, ನಿನಗೆ ಬಂದದ್ದು ಗೊಂಬೆಗೆ ಆಗಿ ಮಿಕ್ಕದ್ದು. ಇವತ್ತಿನ ಮೊದಲ ಹೊಲಿಗೆ ನಿನ್ನದು. ರಾಣಿ ಉಟ್ಟಿರುವ ಅದೇ ಗಿಳಿಹಸಿರಿನಲ್ಲಿ ನಿನಗೊಂದು ರವಿಕೆ. ತೋಳು ಕೂರಿಸಿದ್ದೇನೆ. ಮಿಕ್ಕದ್ದೆಲ್ಲ ಕಚ್ಚಾ ಹೊಲಿಗೆ, ಎಳೆದರೆ ಬಿಚ್ಚಿಬರುತ್ತದೆ. ನನ್ನ ತಲೆಯಲ್ಲಿರುವ ನಿನ್ನ ಅಳತೆ ಹಳೆಯದು. ಬಂದು ಹಾಕಿಕೊಂಡು ನಿಲ್ಲದೆ ಇದಕ್ಕೆ ಪಕ್ಕಾ ಹೊಲಿಗೆ ಹಾಕುವುದಿಲ್ಲ. ಪೋಸ್ಟಿಗೂ ಹಾಕುವುದಿಲ್ಲ, ಬಸ್ಸಿಗೂ ಕೊಡುವುದಿಲ್ಲ. ಮೆಷಿನಿನ ಮೇಲೇ ಇರುತ್ತದೆ.

ನಿನ್ನ ಪ್ರಜೆಗಳನ್ನು ಬಿಟ್ಟು ಬಾ ಅನ್ನುವುದಿಲ್ಲ. ಆ ಇಂಜಿನಿಯರ್ ಬಂದು ಕೆಂಪು ಗುರುತು ಅಳಿಸುವವರೆಗೆ ನೀನು ಅವರ ಜೊತೆಯೇ ಇರು. ಗೊಂಬೆ ಪೆಟ್ಟಿಗೆ ಇಡಲು ಅಟ್ಟವೇ ಆಗಬೇಕು ಅಂತ ಅಮ್ಮ ಎಲ್ಲೂ ಹೇಳಿಲ್ಲ, ನಾನು ಭಾನುವನ್ನು ಕೇಳಿದೆ. ಆಮೇಲೆ ದೀಪಾವಳಿಗೆ ಬಾ, ಟ್ರಯಲ್‌ಗೆ.

ಭಾನು ಕರೆಯುತ್ತಿದ್ದಾಳೆ, ರಾಜ-ರಾಣಿಯನ್ನು ಮಲಗಿಸುವ ಹೊತ್ತು. ಅಲ್ಲಿಯೂ ಈಗ ಅದೇ ಹೊತ್ತು ಅಲ್ಲವಾ? ಬೇಗ ಬರಿ, ಒಂದೇ ಸಾಲಾದರೂ ಸಾಕು. ಅವರನ್ನು ಎಲ್ಲಿ ಮಲಗಿಸಿದೆ, ಆಮೇಲೆ ನೀನು ಎಲ್ಲಿ—